ಓವನ್ ಬೇಡ, ಮೊಸರು ಸಾಕು: ಮನೆಯಲ್ಲೇ ಮಾವಿನ ಚೀಸ್‌ಕೇಕ್

ಚೀಸ್‌ಕೇಕ್ ಮಾಡಲು ಓವನ್ ಬೇಕು, ದುಬಾರಿ ಕ್ರೀಮ್ ಚೀಸ್ ಬೇಕು ಅಂತ ಹಿಂಜರಿಯುವವರೇ ಜಾಸ್ತಿ. ಎರಡೂ ಇಲ್ಲದೆ ಮಾಡಬಹುದು. ಒಂದು ಕೆಜಿ ಗಟ್ಟಿ ಮೊಸರು ತನ್ನಿ. ಅದರ ನೀರು ಪೂರ್ತಿ ಇಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ಹಿಂದಿನ ರಾತ್ರಿಯೇ ಜರಡಿಯ ಮೇಲೆ ತೆಳು ಬಟ್ಟೆ ಹಾಸಿ, ಮೊಸರು ಸುರಿದು ಗಂಟು ಕಟ್ಟಿ. ಕೆಳಗೊಂದು ಪಾತ್ರೆ ಇಟ್ಟು ಫ್ರಿಜ್ಜಿನಲ್ಲಿಡಿ. ಬೆಂಗಳೂರಿನ ಏಪ್ರಿಲ್ ಸೆಕೆಗೆ ಹೊರಗೆ ನೇತುಹಾಕಿದರೆ ಬೆಳಗಾಗುವಷ್ಟರಲ್ಲಿ ಹುಳಿಯಾಗುತ್ತದೆ. ಬೆಳಿಗ್ಗೆ ಬಿಚ್ಚಿದಾಗ ಮೊಸರು ಬಟ್ಟೆಗೆ ಅಂಟದೆ ಮುದ್ದೆಯಾಗಿ ಬಿಟ್ಟುಕೊಳ್ಳಬೇಕು. ಬೆರಳಲ್ಲಿ ಒತ್ತಿದರೆ ಗುಳಿ ಹಾಗೇ ಉಳಿಯಬೇಕು. ಸುಮಾರು 400 ಗ್ರಾಂ ಸಿಗುತ್ತದೆ. ಇಳಿದ ನೀರು ಚೆಲ್ಲಬೇಡಿ, ಚಪಾತಿ ಹಿಟ್ಟಿಗೆ ಹಾಕಿ ಕಲಸಿ, ಮೆತ್ತಗೆ ಬರುತ್ತದೆ.

ತಳಕ್ಕೆ 150 ಗ್ರಾಂ ಮಾರಿ ಬಿಸ್ಕತ್ತು ಪುಡಿ ಮಾಡಿ, 75 ಗ್ರಾಂ ಕರಗಿದ ಬೆಣ್ಣೆ ಕಲಸಿ. ಹಿಡಿಯಲ್ಲಿ ಅದುಮಿದರೆ ಉಂಡೆ ನಿಲ್ಲಬೇಕು. ತಳ ಬಿಚ್ಚುವ 7 ಇಂಚಿನ ಟಿನ್ನಿಗೆ ಹಾಕಿ, ಬಟ್ಟಲಿನ ತಳದಿಂದ ಒತ್ತಿ ಫ್ರಿಜ್ಜಿನಲ್ಲಿಡಿ. ಟಿನ್ ಇಲ್ವಾ? ಗಾಜಿನ ಲೋಟಗಳೂ ಆದೀತು.

ಹಣ್ಣಿಗೆ ಬಾದಾಮಿ ಮಾವೇ ಸರಿ. ನಾರಿಲ್ಲ, ತಿರುಳು ಗಟ್ಟಿ. ಸೀಸನ್ನಿನಲ್ಲಿ ಹಾಪ್‌ಕಾಮ್ಸ್ ಮಳಿಗೆಗಳಲ್ಲೂ ಸಿಗುತ್ತದೆ. ರಸಪುರಿಯಲ್ಲಿ ರಸ ಜಾಸ್ತಿ, ಅದನ್ನು ಸೀಕರಣೆಗೆ ಇಟ್ಟುಕೊಳ್ಳಿ. 200 ಗ್ರಾಂ ತಿರುಳು ರುಬ್ಬಿ, ಮೊಸರು ಮತ್ತು 200 ಗ್ರಾಂ ಕಂಡೆನ್ಸ್ಡ್ ಮಿಲ್ಕ್ ಜೊತೆ ನುಣ್ಣಗೆ ಕಲಸಿ.

ಇನ್ನು ಗಟ್ಟಿಯಾಗಿಸುವ ಕೆಲಸ. ಜೆಲಟಿನ್ ಪ್ರಾಣಿಜನ್ಯ, ಹಾಗಾಗಿ ಸಸ್ಯಾಹಾರಿಗಳು ಕಡಲ ಪಾಚಿಯಿಂದ ತಯಾರಾಗುವ ಚೈನಾ ಗ್ರಾಸ್ ಬಳಸಿ. ಒಂದೂವರೆ ಟೀಚಮಚ ಪುಡಿಯನ್ನು ಮುಕ್ಕಾಲು ಕಪ್ ನೀರಿನಲ್ಲಿ ಕಲಕುತ್ತಾ ಎರಡು ಮೂರು ನಿಮಿಷ ಚೆನ್ನಾಗಿ ಕುದಿಸಿ. ಕಾಳು ಕಾಣಬಾರದು. ಇದು 35–40 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ತಣ್ಣನೆಯ ಮೊಸರಿಗೆ ಸುರಿದರೆ ಅಲ್ಲಲ್ಲೇ ಗಂಟಾಗುತ್ತದೆ. ಅದಕ್ಕೇ ಮೊಸರಿನ ಮಿಶ್ರಣ ಒಂದು ಗಂಟೆ ಮೊದಲೇ ಹೊರಗಿರಲಿ. ಮೊದಲು ಅದರಲ್ಲಿ ಎರಡು ಸೌಟು ತೆಗೆದು ಚೈನಾ ಗ್ರಾಸ್ ಕುದಿಸಿದ ಬಿಸಿ ನೀರಿಗೆ ಬೆರೆಸಿ, ಆಮೇಲೆ ಎಲ್ಲವನ್ನೂ ಬೇಗ ಕಲಕಿ ಟಿನ್ನಿಗೆ ಸುರಿಯಿರಿ.

ಫ್ರಿಜ್ಜಿನಲ್ಲಿ ಐದಾರು ಗಂಟೆ ಸಾಕು. ಚಾಕುವನ್ನು ಬಿಸಿ ನೀರಿಗೆ ಅದ್ದಿ ಒರೆಸಿ, ಅಂಚು ಬಿಡಿಸಿ. ಎರಡು ದಿನದೊಳಗೆ ತಿಂದುಬಿಡಿ, ಆಮೇಲೆ ಬಿಸ್ಕತ್ತು ಮೆತ್ತಗಾಗುತ್ತದೆ.