ಸಂಸಾರ ಸಮೇತ ಬೇರೆ ರಾಜ್ಯಕ್ಕೆ ಹೊರಟ್ರಾ? ಮನೆಗಿಂತ ಮೊದ್ಲು ಶಾಲೆ ನೋಡಿ

ಗೋವಾದಲ್ಲೋ ಕೇರಳದಲ್ಲೋ ಕೆಲ್ಸ ಸಿಕ್ತು, ಅಲ್ಲಿ ಸರ್ಕಾರಿ ಶಾಲೆ ಚೆನ್ನಾಗಿದ್ಯಂತೆ ಅಂತ ಕಾರವಾರ, ಅಂಕೋಲಾ, ಶಿರಸಿ ಕಡೆಯಿಂದ ಹೊರಡೋರು ಬಾಡಿಗೆ ಮನೆ ಹುಡ್ಕೋಕ್ ಮೊದ್ಲು ಮಗು ಈಗ ಎಷ್ಟನೇ ಕ್ಲಾಸು, ಅಲ್ಲಿ ಯಾವ ಭಾಷೇಲಿ ಕಲಿಸ್ತಾರೆ, ಇವೆರಡು ನೋಡಿ. ಉಳಿದಿದ್ದೆಲ್ಲ ಆಮೇಲೆ.

ಗೋವಾದ ಸರ್ಕಾರಿ ಪ್ರೈಮರಿ ಶಾಲೆಗಳು ಹೆಚ್ಚಾಗಿ ಮರಾಠಿ ಇಲ್ಲಾ ಕೊಂಕಣಿ, ಎರಡೂ ದೇವನಾಗರಿಯಲ್ಲಿ, ಐದನೇ ಕ್ಲಾಸಿಂದ ಇಂಗ್ಲಿಷ್. ಮನೇಲಿ ಕೊಂಕಣಿ ಆಡೋ ಕಾರವಾರದ ಮಗುಗೆ ಮಾತು ಕಷ್ಟ ಇಲ್ಲ, ಲಿಪಿ ಮಾತ್ರ ಹೊಸದು, ಶಿರಸಿ ಮಗುಗೆ ಎರಡೂ ಹೊಸದು. ಇನ್ನೊಂದು, 2025ರಿಂದ ಅಲ್ಲಿ ಆರರಿಂದ ಹತ್ತನೇ ಕ್ಲಾಸಿನವ್ರಿಗೆ ಏಪ್ರಿಲ್‌ನಲ್ಲೇ ಹೊಸ ವರ್ಷ ಶುರು ಮಾಡಿದಾರೆ, ಜೂನ್‌ಗೆ ಹೋದ್ರಾಯ್ತು ಅಂತ ಕೂತ್ರೆ ಪಾಠ ಮುಂದೆ ಹೋಗಿರತ್ತೆ. ಕೇರಳದಲ್ಲಿ ಜೂನ್‌ಗೇ ಶುರು, ಮತ್ತೆ ಕಾಸರಗೋಡು, ಮಂಜೇಶ್ವರದಲ್ಲಿ ಕನ್ನಡ ಮೀಡಿಯಂ ಸರ್ಕಾರಿ ಶಾಲೆಗಳೇ ಇದಾವೆ, ನೇತ್ರಾವತಿ ರೈಲು ಹತ್ತಿದ್ರೆ ಒಂದೇ ಗಾಡೀಲಿ ಕಾಸರಗೋಡು, ಕೆಲ್ಸ ಆ ಕಡೆ ಆದ್ರೆ ಇದನ್ನ ಖಂಡಿತ ನೋಡಿ.

ಈಗ ತುಂಬಾ ಜನ ಯೋಚ್ನೆನೇ ಮಾಡದ ವಿಷ್ಯ, ಸಿಇಟಿ, ಅಂದ್ರೆ ಪಿಯುಸಿ ಆದ್ಮೇಲೆ ಇಂಜಿನಿಯರಿಂಗ್ ಥರದ ಕೋರ್ಸಿಗೆ ಬರೆಯೋ ಪ್ರವೇಶ ಪರೀಕ್ಷೆ. ನಾಳೆ ಮಗು ನಮ್ಮ ರಾಜ್ಯದ ಸರ್ಕಾರಿ ಸೀಟು ಕೇಳ್ಬೇಕಂದ್ರೆ ಒಂದರಿಂದ ಸೆಕೆಂಡ್ ಪಿಯುಸಿ ಒಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರ್ಬೇಕು, ಜೊತೆಗೆ ಎಸ್ಸೆಸ್ಸೆಲ್ಸಿ ಅಥವಾ ಸೆಕೆಂಡ್ ಪಿಯುಸಿ ಇಲ್ಲೇ ಪಾಸಾಗಿರ್ಬೇಕು. ಬೇರೆ ದಾರಿಗಳೂ ಇವೆ, ಆದ್ರೆ ಸಾಮಾನ್ಯವಾಗಿ ಎಲ್ರಿಗೂ ಅನ್ವಯ ಆಗೋದು ಇದು. ಅಂದ್ರೆ ಏಳನೇ ಕ್ಲಾಸು ಇಲ್ಲೇ ಮುಗ್ಸಿ, ಹೈಸ್ಕೂಲ್ ಹೊರಗೆ ಓದಿ, ಪಿಯುಸಿಗೆ ವಾಪಸ್ ಬಂದ್ರೆ ಲೆಕ್ಕ ಸರಿಹೋಗತ್ತೆ, ಮೂರನೇ ಕ್ಲಾಸಿಗೇ ಹೋಗಿ ಹತ್ತು ಮುಗ್ಸಿ ಬಂದ್ರೆ ಸರಿಹೋಗಲ್ಲ. ಗ್ರಾಮೀಣ ಕೋಟಾ ಇನ್ನೂ ಬಿಗಿ, ಒಂದರಿಂದ ಹತ್ತು ಪೂರ್ತಿ 10 ವರ್ಷ ಕರ್ನಾಟಕದ ಹಳ್ಳಿ ಶಾಲೆಯಲ್ಲೇ ಆಗ್ಬೇಕು. ಸಿದ್ದಾಪುರ, ಯಲ್ಲಾಪುರದ ಹಳ್ಳಿ ಮಕ್ಳಿಗೆ ಅದು ದೊಡ್ಡ ಆಸರೆ, ಒಂದು ವರ್ಷ ಹೊರಗೆ ಓದಿದ್ರೂ ಹೋಯ್ತು, ದಯವಿಟ್ಟು ಕೂತು ಲೆಕ್ಕ ಹಾಕಿ.

ಮಗು ನಾಲ್ಕೋ ಐದೋ ಓದ್ತಿದ್ರೆ ಮುಂಡಗೋಡದ ನವೋದಯ (ಆರನೇ ಕ್ಲಾಸಿಂದ ಶುರುವಾಗೋ ಕೇಂದ್ರ ಸರ್ಕಾರದ ವಸತಿ ಶಾಲೆ) ಪರೀಕ್ಷೆ ಬರೆಸಿ ನೋಡಿ, ಐದನೇ ಕ್ಲಾಸು ಉತ್ತರ ಕನ್ನಡ ಜಿಲ್ಲೇಲೇ ಓದ್ತಿರ್ಬೇಕು ಅನ್ನೋ ನಿಯಮ ಇದೆ, ಸೀಟಲ್ಲಿ 75% ಹಳ್ಳಿ ಮಕ್ಳಿಗೇ. ಸಿಕ್ಕಿದ್ರೆ ಹೋಗೋ ಯೋಚ್ನೆನೇ ಬದಲಾಗ್ಬಹುದು.

ಕಾಗದ ಪತ್ರದ್ದು: ಟಿಸಿ ತಗೊಂಡು ಬಿಇಓ ಆಫೀಸಲ್ಲಿ ಮೇಲು ಸಹಿ ಮಾಡ್ಸ್ಕಳಿ, ಜನನ ಪ್ರಮಾಣಪತ್ರ, ಜಾತಿ ಆದಾಯ, ಮಾರ್ಕ್ಸ್ ಕಾರ್ಡು ಎರಡೆರಡು ಜೆರಾಕ್ಸ್. ಯುಡೈಸ್ (ಶಾಲೆಗಳ ಸರ್ಕಾರಿ ಆನ್‌ಲೈನ್ ದಾಖಲೆ) ಮಗುಗೆ ಕೊಟ್ಟಿರೋ ಪೆನ್ ನಂಬರ್ ಬರ್ಕೊಂಡು, ಹೆಸ್ರನ್ನ ಅದರಲ್ಲೇ ಶಾಲೆ ಬಿಟ್ಟ ಮಕ್ಕಳ ಪಟ್ಟಿಗೆ, ಅಂದ್ರೆ ಡ್ರಾಪ್ ಬಾಕ್ಸಿಗೆ ಹಾಕಿ ಅಂತ ಹೆಡ್‌ಮಾಸ್ಟ್ರಿಗೆ ಹೇಳಿ, ಇಲ್ಲಾಂದ್ರೆ ಹೊಸ ಶಾಲೆಯವ್ರಿಗೆ ಆನ್‌ಲೈನಲ್ಲಿ ಮಗುನ ಸೇರ್ಸ್ಕೊಳ್ಳೋಕಾಗಲ್ಲ. ಟಿಸಿ ತಡ ಆಯ್ತು ಅಂತ ಎಂಟನೇ ಕ್ಲಾಸಿನವರೆಗೆ ಸರ್ಕಾರಿ ಶಾಲೆ ಸೇರ್ಸ್ಕೊಳ್ದೇ ಇರಂಗಿಲ್ಲ, 2009ರ ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆ 5ನೇ ಸೆಕ್ಷನ್ ಅದನ್ನೇ ಹೇಳತ್ತೆ.

ಕೊನೇದಾಗಿ, ಶಾಲೆ ನಡೀತಿರೋ ದಿನ ಮಗುನ ಕರ್ಕೊಂಡೇ ಹೋಗಿ. ಎಷ್ಟು ಟೀಚರ್ ಇದಾರೆ, ಟಾಯ್ಲೆಟ್‌ನಲ್ಲಿ ನೀರು ಬರತ್ತಾ, ಭಾಷೆ ಬರದ ಮಕ್ಳಿಗೆ ಏನ್ ಮಾಡ್ತಾರೆ ಅಂತ ಬಾಯ್ಬಿಟ್ಟು ಕೇಳಿ. ಶಾಲೆ ಒಪ್ಪಿಗೆ ಆದ್ಮೇಲೆ ಅಲ್ಲಿಂದ ಮಳೆಗಾಲದಲ್ಲೂ ನಡ್ದು ಹೋಗೋ ದೂರದಲ್ಲಿ ಮನೆ ಹುಡ್ಕಿ.