ಹಳೆಯ ಯೆಜ್ಡಿಯ ಕ್ರ್ಯಾಂಕ್ ಆಯಿಲ್ ಸೀಲ್ ಬದಲಿಸುವ ಕ್ರಮ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕ್ ತಯಾರಿಕೆ ಆರಂಭಿಸಿ 1996ರಲ್ಲಿ ಬಾಗಿಲು ಮುಚ್ಚಿತು. ಆದ್ದರಿಂದ ಅಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿಗಳಲ್ಲಿ ಎಲ್ಲಕ್ಕಿಂತ ಕಿರಿಯದಕ್ಕೂ ಈಗ ಮೂವತ್ತರ ಆಸುಪಾಸಿನ ವಯಸ್ಸು. ಇಷ್ಟು ಕಾಲ ಉಕ್ಕು ತಾಳಿಕೊಳ್ಳುತ್ತದೆ, ರಬ್ಬರ್ ತಾಳಿಕೊಳ್ಳುವುದಿಲ್ಲ. ಬೈಕನ್ನು ಓಡಿಸದೆ ವರ್ಷಗಟ್ಟಲೆ ನಿಲ್ಲಿಸಿದ್ದರಂತೂ ಕ್ರ್ಯಾಂಕ್‌ಶಾಫ್ಟಿನ ಎರಡೂ ಕಡೆಯ ಆಯಿಲ್ ಸೀಲುಗಳ (ತಿರುಗುವ ಶಾಫ್ಟಿನ ಸುತ್ತ ಸೋರಿಕೆ ತಡೆಯುವ ರಬ್ಬರ್ ಉಂಗುರಗಳ) ತುಟಿ, ಅಂದರೆ ಶಾಫ್ಟಿಗೆ ತಾಗುವ ಅಂಚು, ಒಣಗಿ ಗಡುಸಾಗಿರುತ್ತದೆ.

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಈ ಸೀಲ್ ಸೋರಿದರೆ ನೆಲದ ಮೇಲೆ ಎಣ್ಣೆಯ ಕಲೆ ಬೀಳುತ್ತದೆ, ಅಷ್ಟೆ. ಯೆಜ್ಡಿಯಲ್ಲಿರುವಂತಹ ಟೂ ಸ್ಟ್ರೋಕ್ ಎಂಜಿನ್ನಿನ ಕಥೆ ಬೇರೆ. ಇಲ್ಲಿ ಪಿಸ್ಟನ್ ಮೇಲೇರುವಾಗ ಕ್ರ್ಯಾಂಕ್ ತಿರುಗುವ ಗೂಡಾದ ಕ್ರ್ಯಾಂಕ್‌ಕೇಸ್ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಒಳಗೆಳೆದುಕೊಳ್ಳುತ್ತದೆ, ಕೆಳಗಿಳಿಯುವಾಗ ಅದನ್ನು ಒತ್ತಿ ಸಿಲಿಂಡರಿಗೆ ಕಳುಹಿಸುತ್ತದೆ. ಆದ್ದರಿಂದ ಸೀಲ್ ಹಿಡಿದಿಡಬೇಕಾದುದು ಎಣ್ಣೆಯನ್ನಷ್ಟೇ ಅಲ್ಲ, ಗಾಳಿಯನ್ನೂ ಹೌದು. ಹೊರಗೆ ಒಂದು ಹನಿಯೂ ಸೋರದ ಎಂಜಿನ್ನಿನ ಸೀಲ್ ಸಂಪೂರ್ಣ ಕೆಟ್ಟಿರಬಹುದು.

ಯಾವ ಬದಿಯ ಸೀಲ್ ಕೆಟ್ಟಿದೆ ಎಂಬುದನ್ನು ಎಂಜಿನ್ನಿನ ನಡವಳಿಕೆಯೇ ಹೇಳುತ್ತದೆ. ಎಡಬದಿಯಲ್ಲಿ ಪ್ರೈಮರಿ ಚೈನ್ (ಕ್ರ್ಯಾಂಕಿನಿಂದ ಕ್ಲಚ್ಚಿಗೆ ಹೋಗುವ ಚೈನ್) ಮತ್ತು ಕ್ಲಚ್ ಗೇರ್‌ಬಾಕ್ಸಿನ ಎಣ್ಣೆಯಲ್ಲೇ ತಿರುಗುತ್ತಿರುತ್ತವೆ. ಆ ಬದಿಯ ಸೀಲ್ ಹೋದರೆ ಎಂಜಿನ್ ಆ ಎಣ್ಣೆಯನ್ನೇ ಒಳಗೆಳೆದುಕೊಂಡು ಸುಡುತ್ತದೆ. ಆಗ ಸೈಲೆನ್ಸರಿನಿಂದ ದಟ್ಟ ಹೊಗೆ ಬರುತ್ತದೆ, ಪ್ಲಗ್ ಮತ್ತೆ ಮತ್ತೆ ಎಣ್ಣೆಯಲ್ಲಿ ನೆನೆಯುತ್ತದೆ, ಗೇರ್‌ಬಾಕ್ಸಿನ ಎಣ್ಣೆ ಕಾರಣವಿಲ್ಲದೆ ಕಡಿಮೆಯಾಗುತ್ತದೆ. ಕೆಲವೊಮ್ಮೆ ಇದಕ್ಕೆ ವಿರುದ್ಧವಾಗಿ ಗೇರ್ ಎಣ್ಣೆಗೆ ಪೆಟ್ರೋಲ್ ವಾಸನೆ ಬರುವುದೂ ಉಂಟು. ಬಲಬದಿಯ, ಅಂದರೆ ಡೈನಮೊ ಬದಿಯ ಸೀಲ್ ಹೋದರೆ ಒಳಗೆ ಸೇರುವುದು ಬರಿಯ ಗಾಳಿ. ಥ್ರಾಟಲ್ ಬಿಟ್ಟರೂ ಎಂಜಿನ್ನಿನ ವೇಗ ತಟ್ಟನೆ ಇಳಿಯುವುದಿಲ್ಲ, ಐಡ್ಲಿಂಗ್ ಸ್ಥಿರವಾಗಿ ನಿಲ್ಲುವುದಿಲ್ಲ, ಎಂಜಿನ್ ಅತಿಯಾಗಿ ಕಾಯುತ್ತದೆ. ಇವೆರಡರಲ್ಲಿ ನನ್ನ ಮಟ್ಟಿಗೆ ಹೆಚ್ಚು ಅಪಾಯಕಾರಿಯಾದುದು ಈ ಎರಡನೆಯದು. ಹೊಗೆಯನ್ನು ಕಂಡು ಅಕ್ಕಪಕ್ಕದವರಾದರೂ ಎಚ್ಚರಿಸುತ್ತಾರೆ, ಆದರೆ ಪೆಟ್ರೋಲ್ ಮತ್ತು ಅದರಲ್ಲಿ ಬೆರೆತ ಎಣ್ಣೆ ಸಾಲದೆ ಬಿಸಿಯಾಗುತ್ತಿರುವ ಪಿಸ್ಟನ್ ಸೀಜ್ ಆಗುವವರೆಗೂ, ಅಂದರೆ ಸಿಲಿಂಡರಿಗೆ ಕಚ್ಚಿ ನಿಲ್ಲುವವರೆಗೂ, ಏನನ್ನೂ ಹೇಳುವುದಿಲ್ಲ.

ಬಿಚ್ಚುವ ಮೊದಲು ಅನುಮಾನವನ್ನು ಖಚಿತಪಡಿಸಿಕೊಳ್ಳಬೇಕು. ಎಂಜಿನ್ ಓಡುತ್ತಿರುವಾಗ ಡೈನಮೊ ಕಡೆಗೆ ಕಾರ್ಬುರೇಟರ್ ಕ್ಲೀನರ್ ಸಿಂಪಡಿಸಿ ನೋಡುವ ರೂಢಿ ಕೆಲವರಲ್ಲಿದೆ. ಪಾಯಿಂಟ್‌ಗಳು (ಪ್ಲಗ್ಗಿನ ಕಿಡಿಗಾಗಿ ವಿದ್ಯುತ್ತನ್ನು ಕಡಿದು ಕೊಡುವ ಸಂಪರ್ಕಗಳು) ಕಿಡಿ ಹಾರಿಸುವ ಜಾಗಕ್ಕೇ ಬೆಂಕಿ ಹತ್ತುವ ದ್ರವವನ್ನು ಸುರಿಯುವ ಈ ಪರೀಕ್ಷೆಯನ್ನು ಯಾರೂ ಮಾಡಬಾರದು. ಒತ್ತಡದ ಪರೀಕ್ಷೆ ನಿಧಾನವಾದರೂ ನಂಬಬಹುದಾದುದು. ಕಾರ್ಬುರೇಟರ್ ಮತ್ತು ಸೈಲೆನ್ಸರ್ ಪೈಪುಗಳನ್ನು ಕಳಚಿ, ಎಲ್ಲ ಬಾಯಿಗಳನ್ನೂ ದಪ್ಪ ರಬ್ಬರ್ ಮತ್ತು ತಗಡಿನಿಂದ ಬಿಗಿಯಾಗಿ ಮುಚ್ಚಬೇಕು. ಸಿಲಿಂಡರ್ ಮತ್ತು ಕ್ರ್ಯಾಂಕ್‌ಕೇಸ್ ಒಂದಕ್ಕೊಂದು ತೆರೆದಿರುವಂತೆ ಪಿಸ್ಟನ್ನನ್ನು ಪೂರ್ತಿ ಕೆಳಗೆ ನಿಲ್ಲಿಸಿ, ಹಳೆಯ ಪ್ಲಗ್ಗಿನ ಲೋಹದ ಕವಚಕ್ಕೆ ಕೊಳವೆ ಜೋಡಿಸಿ ಪ್ಲಗ್ ರಂಧ್ರದಿಂದ ಗಾಳಿ ತುಂಬಬೇಕು. ಒತ್ತಡ 5 ರಿಂದ 6 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಇದ್ದರೆ ಸಾಕು, ಅದಕ್ಕಿಂತ ಹೆಚ್ಚಾದರೆ ಒಳ್ಳೆಯ ಸೀಲೂ ಜಾಗ ಬಿಟ್ಟು ಹೊರಬರಬಹುದು. ಮನೆಯಲ್ಲಿ ಬಿ.ಪಿ. ನೋಡುವ ಹಳೆಯ ಉಪಕರಣವಿದ್ದರೆ ಅದರ ಬಲ್ಬು ಮತ್ತು ಮಾಪಕ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ, ಏಕೆಂದರೆ 250 ಮಿ.ಮೀ. ಪಾದರಸವೆಂದರೆ ಸುಮಾರು 4.8 ಪಿಎಸ್‌ಐ. ನಿಮಿಷಕ್ಕೆ 1 ಪಿಎಸ್‌ಐಗಿಂತ ವೇಗವಾಗಿ ಒತ್ತಡ ಇಳಿದರೆ ಸೋರಿಕೆ ಇದೆ ಎಂದರ್ಥ. ಗೇರ್‌ಬಾಕ್ಸಿಗೆ ಎಣ್ಣೆ ತುಂಬುವ ರಂಧ್ರಕ್ಕೆ ಸೋಪಿನ ನೊರೆ ಹಚ್ಚಿದಾಗ ಗುಳ್ಳೆ ಎದ್ದರೆ ತಪ್ಪು ಎಡಬದಿಯ ಸೀಲಿನದು. ಸಿಲಿಂಡರಿನ ಬುಡದ ಗ್ಯಾಸ್ಕೆಟ್ಟಿಗೂ ನೊರೆ ಹಚ್ಚಿ ನೋಡಬೇಕು, ಅದರ ತಪ್ಪಿಗೆ ಸೀಲುಗಳು ಬಲಿಯಾಗುವುದು ಅಪರೂಪವಲ್ಲ.

ಹೊಸ ಸೀಲನ್ನು ತರುವಾಗ ಹಳೆಯದರ ಮುಖದ ಮೇಲೆ ಅಚ್ಚಾಗಿರುವ ಮೂರು ಅಂಕಿಗಳನ್ನು, ಅಂದರೆ ಒಳವ್ಯಾಸ, ಹೊರವ್ಯಾಸ ಮತ್ತು ದಪ್ಪವನ್ನು ಬರೆದುಕೊಂಡು ಹೋಗಬೇಕು. ಕಪ್ಪು ನೈಟ್ರೈಲ್ ರಬ್ಬರಿನ ಸೀಲ್ ಅಗ್ಗ, ಆದರೆ ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಸ್ವಲ್ಪ ಹೆಚ್ಚು ಹಣ ಕೊಟ್ಟಾದರೂ ವೈಟಾನ್ ಎಂಬ ರಬ್ಬರಿನ ಸೀಲನ್ನೇ ಕೊಳ್ಳುವುದು ಒಳ್ಳೆಯದು. ಅದು ಶಾಖವನ್ನೂ ಹೆಚ್ಚು ತಾಳುತ್ತದೆ.

ಡೈನಮೊ ಬದಿಯ ಕೆಲಸವನ್ನು ಬ್ಯಾಟರಿಯ ತಂತಿ ಕಳಚುವುದರಿಂದ ಆರಂಭಿಸಬೇಕು. ಹೊರಗಿನ ಮುಚ್ಚಳ ತೆಗೆದು, ತಂತಿಗಳಿಗೆ ಗುರುತಿನ ಚೀಟಿ ಅಂಟಿಸಿ, ಪಾಯಿಂಟ್ ಪ್ಲೇಟ್ ಕೂತಿರುವ ಸ್ಥಾನವನ್ನು ಮೊನಚಾದ ಮೊಳೆಯಿಂದ ಗೀರಿ ಗುರುತಿಸಿದರೆ ಜೋಡಿಸುವಾಗ ಟೈಮಿಂಗ್, ಅಂದರೆ ಕಿಡಿ ಹಾರಬೇಕಾದ ಕ್ಷಣ, ಹುಡುಕುವ ಶ್ರಮ ಬಹುಮಟ್ಟಿಗೆ ಉಳಿಯುತ್ತದೆ. ಕಾರ್ಬನ್ ಬ್ರಷ್‌ಗಳನ್ನು ಎತ್ತಿ ಹಿಡಿದು ಸ್ಟೇಟರನ್ನು (ಡೈನಮೊದ ತಿರುಗದ ಭಾಗ) ಹೊರತೆಗೆದ ಮೇಲೆ ಶಾಫ್ಟಿನೊಡನೆ ತಿರುಗುವ ಆರ್ಮೇಚರ್ ಉಳಿಯುತ್ತದೆ. ನಡುವಿನ ಬೋಲ್ಟ್ ಬಿಚ್ಚಿದರೂ ಅದು ಶಾಫ್ಟಿನ ಟೇಪರನ್ನು (ತುದಿಯತ್ತ ಸಣ್ಣದಾಗುತ್ತ ಹೋಗುವ ಭಾಗವನ್ನು) ಕಚ್ಚಿಕೊಂಡೇ ಇರುತ್ತದೆ. ಅದನ್ನು ಬಿಡಿಸಲು ಅದರದೇ ಪುಲ್ಲರ್ ಬೋಲ್ಟ್ ಬೇಕು, ಸುತ್ತಿಗೆಯಲ್ಲ. ಈ ಎಂಜಿನ್ನಿನ ಕ್ರ್ಯಾಂಕ್ ಹಲವು ತುಂಡುಗಳನ್ನು ಪ್ರೆಸ್ಸಿನಲ್ಲಿ ಒತ್ತಿ ಕೂಡಿಸಿದ್ದು. ಪಕ್ಕದಿಂದ ಬಿದ್ದ ಒಂದು ಏಟಿಗೆ ಅದರ ನೇರ ತಪ್ಪಿದರೆ ನೂರಿನ್ನೂರು ರೂಪಾಯಿಯ ಸೀಲಿನ ಕೆಲಸ ಇಡೀ ಎಂಜಿನ್ ಇಳಿಸುವ ಕೆಲಸವಾಗುತ್ತದೆ. ಶಾಫ್ಟಿನ ಮೇಲಿರುವ ಚಿಕ್ಕ ಕೀ ಕಳೆದುಹೋಗದಂತೆ ಕೂಡಲೇ ತೆಗೆದಿಡಬೇಕು.

ಈಗ ಸೀಲ್ ಕಾಣುತ್ತದೆ. ಅದನ್ನು ಮುಟ್ಟುವ ಮೊದಲು ಅದು ಎಷ್ಟು ಆಳದಲ್ಲಿ ಕೂತಿದೆ, ಯಾವ ಮುಖ ಹೊರಗಿದೆ ಎಂಬುದನ್ನು ಅಳೆದು ಬರೆದುಕೊಳ್ಳಬೇಕು. ಸ್ಕ್ರೂಡ್ರೈವರಿನಿಂದ ಮೀಟಿದರೆ ಅಲ್ಯೂಮಿನಿಯಂ ಗೂಡಿನ ಗೋಡೆ ಗೀರಿ, ಹೊಸ ಸೀಲೂ ಆ ಗೀರಿನ ದಾರಿಯಲ್ಲಿ ಸೋರುತ್ತದೆ. ಅದರ ಬದಲು ಸೀಲಿನ ಲೋಹದ ಉಂಗುರದಲ್ಲಿ ಎದುರುಬದುರಾಗಿ ಎರಡು ಸಣ್ಣ ರಂಧ್ರ ಕೊರೆದು, ಅವುಗಳಲ್ಲಿ ಸ್ಕ್ರೂ ತಿರುಗಿಸಿ, ಸ್ಕ್ರೂಗಳನ್ನು ಇಕ್ಕಳದಿಂದ ಒಂದಾದ ಮೇಲೊಂದರಂತೆ ಎಳೆಯಬೇಕು. ಹಿಂದೆ ಬೇರಿಂಗ್ ಇರುವುದರಿಂದ ಡ್ರಿಲ್ ಬಿಟ್ಟಿಗೆ ಟೇಪ್ ಸುತ್ತಿ ಆಳವನ್ನು ಮಿತಿಗೊಳಿಸಬೇಕು, ಲೋಹದ ಪುಡಿ ಒಳಗೆ ಬೀಳದಂತೆ ಬಿಟ್ಟಿನ ತುದಿಗೆ ಗ್ರೀಸ್ ಹಚ್ಚಬೇಕು.

ಹಳೆಯ ಸೀಲ್ ಹೊರಬಂದ ಕೂಡಲೇ ಹೊಸದನ್ನು ಕೂರಿಸುವ ಆತುರ ಬೇಡ. ಬದಲಿಸಿದ ಸೀಲ್ ತಿಂಗಳೊಳಗೆ ಮತ್ತೆ ಸೋರಿದಾಗ ಎಲ್ಲರೂ ನಕಲಿ ಮಾಲನ್ನು ದೂರುತ್ತಾರೆ, ಆದರೆ ಕಾರಣ ಎಷ್ಟೋ ಸಲ ಶಾಫ್ಟಿನಲ್ಲೋ ಬೇರಿಂಗಿನಲ್ಲೋ ಇರುತ್ತದೆ. ಶಾಫ್ಟಿನ ತುದಿಯನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ಅಲುಗಿಸಿದಾಗ ಕೈಗೆ ತಿಳಿಯುವಷ್ಟು ಆಟವಿದ್ದರೆ ಬೇರಿಂಗ್ ಸವೆದಿದೆ. ಓಲಾಡುವ ಶಾಫ್ಟನ್ನು ಯಾವ ಸೀಲೂ ತಡೆಹಿಡಿಯಲಾರದು. ಆಗ ಕ್ರ್ಯಾಂಕ್‌ಕೇಸನ್ನು ಬಿಚ್ಚಿ ಬೇರಿಂಗ್ ಬದಲಿಸುವುದೊಂದೇ ದಾರಿ. ಆಟವಿಲ್ಲದಿದ್ದರೆ, ಹಳೆಯ ತುಟಿ ಉಜ್ಜುತ್ತಿದ್ದ ಜಾಗದ ಮೇಲೆ ಉಗುರನ್ನು ಆಡಿಸಿ ನೋಡಬೇಕು. ಉಗುರಿಗೆ ಸಿಗದ ಗೆರೆಯನ್ನು ಎಣ್ಣೆ ಹಚ್ಚಿದ ನಯವಾದ ಎಮರಿ ಪೇಪರಿನಿಂದ ಶಾಫ್ಟಿನ ಸುತ್ತಲೂ ಉಜ್ಜಿ ಹೊಳಪುಗೊಳಿಸಬಹುದು. ಉಗುರು ಸಿಕ್ಕಿಕೊಳ್ಳುವಷ್ಟು ಕೊರೆತವಿದ್ದರೆ, ತುಟಿ ಹೊಸ ಜಾಗದ ಮೇಲೆ ಕೂರುವಂತೆ ಸೀಲನ್ನು ಒಂದು ಮಿಲಿಮೀಟರಿನಷ್ಟು ಹೊರಗೆ ನಿಲ್ಲಿಸಬಹುದು, ಇಲ್ಲವೇ ಶಾಫ್ಟಿನ ಮೇಲೆ ತೆಳುವಾದ ಉಕ್ಕಿನ ತೋಳು ಹಾಕಿಸಬಹುದು.

ಸೀಲನ್ನು ಕೂರಿಸುವಾಗ ತುಟಿಯನ್ನು ಬಿಗಿಹಿಡಿಯುವ ಸ್ಪ್ರಿಂಗ್ ಇರುವ ಮುಖ ಕ್ರ್ಯಾಂಕ್‌ಕೇಸಿನ ಕಡೆಗಿರಬೇಕು. ಕೀ ಕೂರುವ ತೋಡಿನ ಅಂಚು ತುಟಿಯನ್ನು ಕತ್ತರಿಸದಂತೆ ಶಾಫ್ಟಿಗೆ ತೆಳುವಾದ ಟೇಪ್ ಸುತ್ತಿ, ತುಟಿಗೆ 2ಟಿ ಎಣ್ಣೆ (ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲಿ ಬೆರೆಸುವ ಎಣ್ಣೆ) ಸವರಿ, ಸೀಲಿನ ಹೊರವ್ಯಾಸಕ್ಕಿಂತ ತುಸು ಚಿಕ್ಕದಾದ ಕೊಳವೆಯನ್ನಿಟ್ಟು ಸುತ್ತಲೂ ಸಮನಾಗಿ ಮೆಲ್ಲಗೆ ತಟ್ಟಬೇಕು. ಅಳೆದಿಟ್ಟುಕೊಂಡ ಆಳಕ್ಕಿಂತ ಒಳಗೆ ತಳ್ಳಿದರೆ ಬೇರಿಂಗಿಗೆ ಎಣ್ಣೆ ಹೋಗುವ ದಾರಿ ಮುಚ್ಚಿಹೋಗುವ ಸಾಧ್ಯತೆ ಇದೆ. ಸೀಲಂಟ್ ಮೆತ್ತುವ ಅಗತ್ಯವಿಲ್ಲ.

ಎಡಬದಿಯಲ್ಲಿ ತತ್ವ ಅದೇ, ಶ್ರಮ ಮಾತ್ರ ಹೆಚ್ಚು. ಎಣ್ಣೆ ಇಳಿಸಿ, ಕಿಕ್ಕರ್ ಮತ್ತು ಮುಚ್ಚಳ ತೆಗೆದು, ಕ್ಲಚ್, ಪ್ರೈಮರಿ ಚೈನ್ ಮತ್ತು ಎಂಜಿನ್ ಸ್ಪ್ರಾಕೆಟ್ ಮೂರನ್ನೂ ಒಟ್ಟಿಗೆ ಹೊರತೆಗೆಯಬೇಕು. ಸೀಲಿನ ಮುಂದೆ ಸರ್ಕ್ಲಿಪ್ (ಭಾಗಗಳು ಜಾರದಂತೆ ಹಿಡಿಯುವ ಉಕ್ಕಿನ ಉಂಗುರ) ಅಥವಾ ವಾಷರ್ ಇದ್ದರೆ ಅವುಗಳನ್ನು ಬಿಚ್ಚಿದ ಕ್ರಮದಲ್ಲೇ ತಂತಿಗೆ ಪೋಣಿಸಿಟ್ಟುಕೊಳ್ಳಬೇಕು. ಮುಚ್ಚಳದ ಗ್ಯಾಸ್ಕೆಟ್ಟನ್ನು ಮೊದಲೇ ಹೊಸದು ತಂದಿಟ್ಟುಕೊಳ್ಳುವುದು ಜಾಣತನ.

ಆರ್ಮೇಚರನ್ನು ಮತ್ತೆ ಕೂರಿಸುವ ಮೊದಲು ಟೇಪರಿನಲ್ಲಿ ಎಣ್ಣೆಯ ಪಸೆ ಇಲ್ಲದಂತೆ ಒರೆಸಿ, ಒತ್ತಡದ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಬೇಕು. ಎಲ್ಲವನ್ನೂ ಜೋಡಿಸಿದ ಮೇಲೆ ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಆಸುಪಾಸಿನಲ್ಲಿದೆಯೇ ನೋಡಿ, ಟೈಮಿಂಗ್ ಪರೀಕ್ಷಿಸಬೇಕು. ಸೀಲ್ ಗಾಳಿ ಎಳೆಯುತ್ತಿದ್ದ ದಿನಗಳಲ್ಲಿ ಅದನ್ನು ಸರಿದೂಗಿಸಲು ಯಾರಾದರೂ ಕಾರ್ಬುರೇಟರಿನ ಸ್ಕ್ರೂ ತಿರುಗಿಸಿರುತ್ತಾರೆ, ಆದ್ದರಿಂದ ಐಡ್ಲಿಂಗನ್ನು ಹೊಸದಾಗಿ ಹೊಂದಿಸಬೇಕಾಗುತ್ತದೆ. ಎಡಬದಿಯ ಸೀಲ್ ಬದಲಿಸಿದವರು ಮೊದಲ ದಿನದ ಹೊಗೆಗೆ ಗಾಬರಿಯಾಗಬಾರದು. ಸೈಲೆನ್ಸರಿನೊಳಗೆ ಈ ಹಿಂದೆಯೇ ಸೇರಿಕೊಂಡ ಎಣ್ಣೆ ಸುಟ್ಟು ಮುಗಿಯಲು ಕೆಲವು ಕಿಲೋಮೀಟರ್ ಓಡಿಸಬೇಕು, ಇಲ್ಲವೇ ಸೈಲೆನ್ಸರಿನ ಒಳಗಿನ ಬ್ಯಾಫಲ್ ಹೊರಗೆಳೆದು ತೊಳೆಯಬೇಕು.