ವ್ಯಾಂಪೈರ್ ಪ್ರೇಮಕತೆ ಓದುವುದಾದರೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ

ಹದಿಮೂರು ಕಾದಂಬರಿಗಳ ಸರಣಿ ಅಂದ ಕೂಡಲೇ ನಮ್ಮ ಸೊಸೈಟಿಯ ಹುಡುಗಿಯರು ಕೈಚೆಲ್ಲುತ್ತಾರೆ. ಅದೂ ಸತ್ತ ಮೇಲೂ ಓಡಾಡುತ್ತಾ ರಕ್ತ ಕುಡಿಯುವ ವ್ಯಾಂಪೈರ್‌ಗಳ ಲವ್ ಸ್ಟೋರಿ ಅಂದರೆ, "ಈ ಪ್ರಾಯದಲ್ಲಿ ನಿಮಗೆ ಅದೆಂತದ್ದು ಅಕ್ಕ?" ಅಂತ ನಗುತ್ತಾರೆ. ನಗಲಿ. ಕಟಪಾಡಿಯಿಂದ ಮಂಗಳೂರಿಗೆ ದಿನಾ ಎಕ್ಸ್‌ಪ್ರೆಸ್ ಬಸ್ಸಲ್ಲಿ ಹೋಗಿಬರುವವಳಿಗೆ ಬೇಗ ಮುಗಿಯದ ಪುಸ್ತಕವೇ ಬೇಕು.

ನಾನು ಹೇಳುತ್ತಿರುವುದು ಶಾರ್ಲೇನ್ ಹ್ಯಾರಿಸ್ ಬರೆದ ಸೂಕಿ ಸ್ಟ್ಯಾಕ್‌ಹೌಸ್ ಸರಣಿಯ ಬಗ್ಗೆ. 2001ರಲ್ಲಿ ಶುರುವಾಗಿ 2013ರಲ್ಲಿ ಮುಗಿಯಿತು. ಕತೆ ನಡೆಯುವುದು ಅಮೆರಿಕದ ಲೂಸಿಯಾನಾದಲ್ಲಿ, ಲೇಖಕಿಯೇ ಕಟ್ಟಿದ ಒಂದು ಸಣ್ಣ ಊರಿನಲ್ಲಿ. ಸೂಕಿ ಅಲ್ಲಿನ ಬಾರ್‌ನಲ್ಲಿ ವೇಟ್ರೆಸ್. ಜಪಾನಿನವರು ಕೃತಕ ರಕ್ತ ತಯಾರಿಸಿದ ಮೇಲೆ ವ್ಯಾಂಪೈರ್‌ಗಳು ಅಡಗಿ ಕೂರುವುದನ್ನು ಬಿಟ್ಟು ಜನರ ನಡುವೆ ಬಂದಿದ್ದಾರೆ. ಸೂಕಿಗೆ ಎದುರಿದ್ದವರ ಮನಸ್ಸಿನ ಮಾತು ಕೇಳಿಸುತ್ತದೆ, ಬೇಡ ಅಂದರೂ. ವ್ಯಾಂಪೈರ್‌ಗಳದ್ದು ಮಾತ್ರ ಕೇಳಿಸುವುದಿಲ್ಲ. ಬಿಲ್ ಅನ್ನುವ ವ್ಯಾಂಪೈರ್ ಪಕ್ಕ ಕೂತರೆ ತಲೆಯೊಳಗಿನ ಗಲಾಟೆ ನಿಲ್ಲುತ್ತದೆ. ಅವಳು ಮನಸೋತದ್ದು ಅದಕ್ಕೇ. ಸಂಜೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳ ಕೂಗಿನ ನಡುವೆ ನಿಂತು ಓದಿ, ಅವಳ ಕಷ್ಟ ಸಲೀಸಾಗಿ ಅರ್ಥವಾಗುತ್ತದೆ.

ಇದನ್ನು ಪತ್ತೇದಾರಿ ಕಾದಂಬರಿ ಅಂತಲೇ ಓದಿ. ನಾನು ಲೆಕ್ಕ ಬರೆಯುವವಳು, ನನಗೆ ಕಂಡದ್ದು ಹೀಗೆ: ಕೊಲೆಯ ಖಾತೆ ಹೆಚ್ಚಾಗಿ ಆಯಾ ಪುಸ್ತಕದಲ್ಲೇ ಚುಕ್ತಾ ಆಗುತ್ತದೆ, ಪ್ರೀತಿಯ ಖಾತೆ ಮಾತ್ರ ಬಾಕಿ ಉಳಿದು ಮುಂದಿನ ಪುಸ್ತಕಕ್ಕೆ ಹೋಗುತ್ತಲೇ ಇರುತ್ತದೆ. ಬಿಲ್ಲೋ, ಇನ್ನೊಬ್ಬ ವ್ಯಾಂಪೈರ್ ಎರಿಕ್ಕೋ ಅಂತ ಅದನ್ನೇ ಕಾಯುತ್ತಾ ಕೂತರೆ ಐದನೇ ಪುಸ್ತಕಕ್ಕೆ ಸುಸ್ತಾಗುತ್ತದೆ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಸೂಕಿ ಯಾರ ಮನಸ್ಸನ್ನು ಕೇಳಿದಳು, ಯಾರದ್ದನ್ನು ಕೇಳಲಿಲ್ಲ ಅಂತ ಬರೆಯಿರಿ. ಮನಸ್ಸು ಓದಬಲ್ಲ ನಾಯಕಿ ಇದ್ದ ಮೇಲೆ ಕೊಲೆಗಾರ ಸಿಗಲು ಎಷ್ಟು ಹೊತ್ತು, ಅಲ್ವಾ? ಹಾಗಾಗಿ ಲೇಖಕಿ ಅವನನ್ನು ಅವಳ ಕಿವಿಯಿಂದ ಬಚ್ಚಿಡಲೇಬೇಕು. ಮೃಗವಾಗಿ ರೂಪ ಬದಲಿಸುವವರ ಮನಸ್ಸು ಅವಳಿಗೆ ಸರಿಯಾಗಿ ಹಿಡಿತಕ್ಕೆ ಬರುವುದಿಲ್ಲ. ಕೆಲವರದ್ದನ್ನು ಮರ್ಯಾದೆಗೆ ಅವಳೇ ಕೇಳುವುದಿಲ್ಲ. ಊರಲ್ಲೇ ಓಡಾಡಿಕೊಂಡಿದ್ದೂ ಯಾರ ಮನಸ್ಸು ಪೂರ್ತಿ ತೆರೆಯಲಿಲ್ಲವೋ ಅವರ ಹೆಸರಿನ ಕೆಳಗೆ ಒಂದು ಗೆರೆ ಎಳೆದಿಡಿ.

ಎರಡನೇ ಪುಟ ನಿಯಮಗಳಿಗೆ. ಬೆಳ್ಳಿ ತಾಗಿದರೆ ವ್ಯಾಂಪೈರ್‌ಗೆ ಸುಡುತ್ತದೆ. ಕರೆಯದೆ ಮನೆಯೊಳಗೆ ಬರುವಂತಿಲ್ಲ. ಕರೆದದ್ದನ್ನು ವಾಪಸ್ ತೆಗೆದುಕೊಳ್ಳಲೂಬಹುದು. ಮೂರನೇ ಪುಸ್ತಕದ ಕೊನೆಯಲ್ಲಿ ಸೂಕಿ ಅದನ್ನೇ ಮಾಡುತ್ತಾಳೆ. ಅಷ್ಟು ಬಲದ ಗಂಡಸರು ತಮ್ಮಿಷ್ಟ ಇಲ್ಲದೆಯೇ ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ ಬಾಗಿಲು ದಾಟಿ ಹೊರಗೆ ಹೋಗುತ್ತಾರೆ. ಬಸ್ಸು ಮುಲ್ಕಿಗೆ ಬಂದದ್ದೂ ಗೊತ್ತಾಗದೆ ನಾನು ನಕ್ಕಿದ್ದೆ.

ನಾಲ್ಕನೆಯದನ್ನು ನಿಧಾನ ಓದಿ, ಸರಣಿಯಲ್ಲಿ ನನಗೆ ಅದೇ ಮೇಲು. ಎರಿಕ್ ಅಂದರೆ ಸೊಕ್ಕಿನ ಮುದ್ದೆ. ಅಂಥವನು ಮಾಟಗಾತಿಯರ ಕೈಗೆ ಸಿಕ್ಕಿ, ನೆನಪು ಕಳೆದುಕೊಂಡು, ರಾತ್ರಿ ರಸ್ತೆಯಲ್ಲಿ ಓಡುತ್ತಿರುತ್ತಾನೆ. ಸೂಕಿ ಕಾರು ನಿಲ್ಲಿಸಿ ಮನೆಗೆ ಕರೆದುಕೊಂಡು ಬರುತ್ತಾಳೆ. ಪ್ರೇಮ ಇಲ್ಲೇ ಶುರು ಅಂತ ನಾವು ಕಾದರೆ, ಅವಳ ಅಣ್ಣ ಜೇಸನ್ ಬಂದು ಎರಿಕ್‌ನ ಕಡೆಯವರ ಜೊತೆ, ಇವನನ್ನು ಇಟ್ಟುಕೊಳ್ಳಲು ನನ್ನ ತಂಗಿಗೆ ಎಷ್ಟು ಕೊಡ್ತೀರಿ ಅಂತ ಚೌಕಾಸಿಗೆ ಇಳಿಯುತ್ತಾನೆ! ಮನೆಯ ತೆರಿಗೆ ಕಟ್ಟುವುದು ಹೇಗೆ ಅಂತ ಚಿಂತೆ ಮಾಡುವ ನಾಯಕಿ ಪ್ರೇಮಕತೆಗಳಲ್ಲಿ ಸಿಗುವುದು ಅಪರೂಪ.

ಓದುವ ಕ್ರಮ ತಪ್ಪಿಸಬೇಡಿ. ಹದಿಮೂರು ಹೆಸರಲ್ಲೂ 'ಡೆಡ್' ಇದೆ, ಗಲಿಬಿಲಿ ಆಗುವುದು ಖಂಡಿತ. ಒಳಪುಟದಲ್ಲಿ ಪೆನ್ಸಿಲಿನಿಂದ ನಂಬರ್ ಹಾಕಿಡಿ. ಆರನೆಯದು 'ಡೆಫಿನಿಟ್ಲಿ ಡೆಡ್'. ಅದನ್ನು ತೆರೆದಾಗ ನಡುವೆ ಒಂದು ಪುಸ್ತಕ ಬಿಟ್ಟುಹೋಯಿತೇನೋ ಅನ್ನಿಸುತ್ತದೆ. ಬಿಟ್ಟುಹೋದದ್ದು ಒಂದು ಸಣ್ಣಕತೆ. ಸೂಕಿಯ ಕಸಿನ್ ಹ್ಯಾಡ್ಲಿಯ ವಿಷಯ 'ಒನ್ ವರ್ಡ್ ಆನ್ಸರ್' ಕತೆಯಲ್ಲಿ ಬಂದುಹೋಗಿದೆ. 2009ರ 'ಎ ಟಚ್ ಆಫ್ ಡೆಡ್' ಸಂಕಲನದಲ್ಲಿ ಅದು ಸಿಗುತ್ತದೆ. ಐದು ಮುಗಿಸಿ ಅದನ್ನು ಓದಿಯೇ ಆರಕ್ಕೆ ಹೋಗಿ.

ಈ ಪುಸ್ತಕಗಳಿಂದಲೇ ಮಾಡಿದ 'ಟ್ರೂ ಬ್ಲಡ್' ಟಿವಿ ಧಾರಾವಾಹಿ ಆಮೇಲೆ ನೋಡಿದರಾಯಿತು. ಪುಸ್ತಕದಲ್ಲಿ ಬೇಗ ಸಾಯುವ ಬಾರಿನ ಅಡುಗೆಯವನು ಅದರಲ್ಲಿ ಬದುಕಿಯೇ ಇರುತ್ತಾನೆ. ಎರಡನ್ನೂ ಒಟ್ಟಿಗೆ ಹಿಡಿದರೆ ನಿಮ್ಮ ನೋಟ್‌ಬುಕ್ ಪೂರ್ತಿ ಕಾಟು.

ಸತ್ತವರು ಪ್ರೀತಿಸುವುದು ಹೇಗೆ ಅಂತ ಕೆಲವರು ತಕರಾರು ತೆಗೆಯುತ್ತಾರೆ. ಮದುವೆಯಾಗದೆ ಸತ್ತವರಿಗೆ ತುಳುವರ ಆಟಿ ತಿಂಗಳಲ್ಲಿ ಸಂಬಂಧ ನೋಡಿ ಕುಲೆ ಮದುವೆ, ಅಂದರೆ ಪ್ರೇತದ ಮದುವೆ ಮಾಡಿಸುವ ಊರು ನಮ್ಮದು. ಇಲ್ಲಿ ಕೂತು ಆ ಪ್ರಶ್ನೆ ಕೇಳಬಾರದು. ಹಾಗಂತ ದೈವಗಳ ಜೊತೆ ವ್ಯಾಂಪೈರ್‌ಗಳನ್ನು ತಾಳೆ ಹಾಕಲು ಹೋಗಬೇಡಿ. ಅದು ಬೇರೆ, ಇದು ಬೇರೆ.

ಮಳೆಗಾಲದಲ್ಲಿ ಫೋನಿನಲ್ಲಿ ಓದುವುದೇ ವಾಸಿ. ಪೇಪರ್‌ಬ್ಯಾಕ್ ಚೀಲದಲ್ಲಿದ್ದರೆ ಬೂಷ್ಟು ಹಿಡಿಯುತ್ತದೆ. ಪಕ್ಕದ ಸೀಟಿನವರಿಗೆ ಮುಖಪುಟವೂ ಕಾಣುವುದಿಲ್ಲ. ಮಲಗುವ ಕೋಣೆಯ ಪುಟಗಳೂ ಇವೆ, ಮನೆಯ ಮಕ್ಕಳ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ.

ಹದಿಮೂರನೆಯದರ ಕೊನೆಯ ಬಗ್ಗೆ ಓದುಗರಲ್ಲಿ ದೊಡ್ಡ ಜಗಳವೇ ಆಗಿದೆ. ನನ್ನ ಓಟು ಲೇಖಕಿಗೆ. ಸೂಕಿಗೆ ಅಂಗಳದಲ್ಲಿ ಬಿಸಿಲಿಗೆ ಮೈಯೊಡ್ಡಿ ಮಲಗುವುದು ಬಲು ಇಷ್ಟ. ಇದು ಮೊದಲ ಪುಸ್ತಕದಿಂದಲೇ ಬರುತ್ತದೆ. ಸುಮ್ನೆ ಅಂತ ಬಿಟ್ಟುಬಿಡಬೇಡಿ, ಇದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ.